ಕರೆಂಟ್ ಹೋದಾಗ ಕೇಳಿದ ಗಿಟಾರ್

ಈಗಿನ ಹುಡುಗರಿಗೆ ‘ರಾಕ್’ ಎಂದರೆ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಿಗುವ ಸಂಗೀತ. 1980ರಲ್ಲಿ ನಾನು ಎಂಟನೆಯ ಇಯತ್ತೆ. ನಮ್ಮ ಬನಹಟ್ಟಿಗೆ ಅದು ಬಂದದ್ದು ಹಿಂದಿ ಚಿತ್ರಗೀತೆಯ ಬೆನ್ನೇರಿ. ಅದೂ ಕರೆಂಟ್ ಹೋದಾಗ ಮಾತ್ರ!

ಯಾಕಂತೀರಾ? ಕರೆಂಟ್ ಇದ್ದಷ್ಟು ಹೊತ್ತೂ ಓಣಿ ತುಂಬ ಪವರ್‌ಲೂಮುಗಳ ಖಟಾಖಟ್. ಕರೆಂಟ್ ಹೋಯಿತೋ, ಮಗ್ಗಗಳೆಲ್ಲ ಗಪ್‌ಚಿಪ್. ಸೆಲ್ ಹಾಕಿದ ಟ್ರಾನ್ಸಿಸ್ಟರಿನದೇ ರಾಜ್ಯ. ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಾಯಾನಿಯವರ ಬಿನಾಕಾ ಗೀತಮಾಲಾ. ಆ ಹೊತ್ತಿಗೆ ಕರೆಂಟ್ ಹೋಗಲೆಂದು ಕಾಡಸಿದ್ಧೇಶ್ವರನಿಗೆ ಕಾಯಿ ಹರಕೆ ಹೊತ್ತವರು ನಾವು!

ಆ ವರ್ಷ ‘ಕುರ್ಬಾನಿ’ ಬಂತು. ನಾಜಿಯಾ ಹಸನ್ ದನಿ ಕೇಳಿ ಹುಚ್ಚಾದೆವು. ಆಕೆಗಾಗ ಹದಿನೈದು ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಆ ಹಾಡಿಗೆ ರಾಗ ಹಾಕಿದ ಬಿಡ್ಡು ನಮ್ಮ ಬೆಂಗಳೂರಿನಲ್ಲಿ ಗಿಟಾರ್ ಹಿಡಿದು, ಲಂಡನ್ನಿಗೆ ಹೋಗಿ, 1974ರಲ್ಲಿ ‘ಕುಂಗ್ ಫು ಫೈಟಿಂಗ್’ನಿಂದ ಲೋಕವನ್ನೇ ಕುಣಿಸಿದವರು. ಇದು ಗೊತ್ತಾಗಿದ್ದರೆ ಅಂದೇ ಎದೆ ಉಬ್ಬಿಸುತ್ತಿದ್ದೆವು.

ಮರುವರ್ಷ ಶಂಕರ್‌ನಾಗ್‌ರ ‘ಗೀತಾ’. ಸೈಕಲ್ ತುಳಿದು ಜಮಖಂಡಿಗೆ ಹೋಗಿ ನೋಡಿದೆವು. ಕನ್ನಡದ ಹೀರೋ ವೇದಿಕೆ ಮೇಲೆ ನಿಂತು ಹಾಡುತ್ತಾನೆ, ಹಿಂದೆ ಇಳಯರಾಜರ ವಾದ್ಯಗಳ ಅಬ್ಬರ! ಮುಧೋಳದ ಮದುವೆಯೊಂದರಲ್ಲಿ ಬ್ಯಾಂಡಿನವರು ಅದನ್ನೇ ಕ್ಲಾರಿಯೊನೆಟ್‌ನಲ್ಲಿ ಊದಿದಾಗ ಬೀಗರನ್ನೂ ಮರೆತು ಕುಣಿದೆವು.

ಅಪ್ಪ ಬೈಯುತ್ತಿದ್ದ: “ಏನ್ ಗದ್ಲಲೇ ಇದು! ಇದಕಿಂತ ನಮ್ಮ ಮಗ್ಗಾನ ಚಲೋ ಐತಿ. ಅಮೀರಬಾಯಿ ಹಾಡ ಅಂದ್ರ ಹಾಡ!” ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ನಿಂದ ದೇಶಕ್ಕೇ ಹೆಸರಾದ ಅಮೀರಬಾಯಿ ಕರ್ನಾಟಕಿ ಅಪ್ಪನ ಪಾಲಿನ ಸರಸ್ವತಿ. ಅದನ್ನು ಕೇಳಿ ಮೂಲೆಯಲ್ಲಿದ್ದ ಅಜ್ಜ ನಗುತ್ತಿದ್ದ: “ನೀ ಅಕೀ ಹಾಡ ಕೇಳಾಕ ಕುಂತಾಗ ನಾನೂ ಹಿಂಗ ಬೈತಿದ್ದೆ. ಪಾರಿಜಾತದ ಮುಂದ ಸಿನಿಮಾ ಎಲ್ಲೀದೋ!”

ನನ್ನ ಗೆಳೆಯನೊಬ್ಬನಿದ್ದ. ಮಗ್ಗದ ಖಟಾಖಟ್ಟಿಗೇ ತಾಳ ಹಾಕಿ ಬೆಂಚು ಬಡಿಯುತ್ತಿದ್ದ. ಬೆಂಗಳೂರಿಗೆ ಹೋಗಿ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವ ಆಸೆ. ಮನೆಯಲ್ಲಿ ನಾಲ್ಕು ತಂಗಿಯರು. ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಮಗ್ಗಕ್ಕೆ ನಿಂತ. ತಂಗಿಯರ ಮದುವೆ ಮಾಡಿದ, ಮನೆ ಕಟ್ಟಿಸಿದ. ನಾಲ್ವತ್ತು ವರ್ಷ ಆ ಸದ್ದಿನ ನಡುವೆ ನಿಂತು ಕಿವಿ ಮಂದವಾದವು.

ಶಂಕರ್‌ನಾಗ್ 1990ರಲ್ಲಿ ಹೋದರು, ನಾಜಿಯಾ 2000ದಲ್ಲಿ, ಸಾಯಾನಿಯವರು 2024ರಲ್ಲಿ. ಮೊನ್ನೆ ಊರಿಗೆ ಹೋದಾಗ ಅವನ ಮಗನ ದೊಡ್ಡ ಸ್ಪೀಕರಿನಲ್ಲಿ ‘ಗೀತಾ’ ಹಾಡು ಹಾಕಿಸಿದೆ. ಅವನು ಎದ್ದು ಬಂದು ಸ್ಪೀಕರಿನ ಮೇಲೆ ಅಂಗೈ ಊರಿ ನಿಂತ. “ಮಾತ ಕೇಳ್ಸೂದಿಲ್ಲೋ. ಆದ್ರ ತಾಳ ಐತಿ, ಇಲ್ಲೇ ಐತಿ” ಅಂದ. ಬೆರಳು ಒಂದು ಪೆಟ್ಟೂ ತಪ್ಪಲಿಲ್ಲ.

ಹದಿನೈದರ ವಯಸ್ಸಿನಲ್ಲಿ ಕೇಳಿದ್ದು ಕಿವಿಯಲ್ಲಿ ಉಳಿಯುವುದಿಲ್ಲ, ಮೈಯಲ್ಲಿ ಉಳಿಯುತ್ತದೆ. ನೀವೇನಂತೀರಿ?