ಅಜ್ಜಿಮನೆಯ ತೆಂಗಿನ ಮರಗಳು

ವರ್ಕಾಡಿಯಿಂದ ಕಡಲು ಹೆಚ್ಚು ದೂರವಿಲ್ಲ. ಆದರೂ ಗುಡ್ಡದೂರಿನ ನಮ್ಮ ಮಕ್ಕಳಿಗೆ ಅದು ರಜೆಯಲ್ಲಿ ಹೋಗುವ ಜಾಗ ಅಷ್ಟೆ. ಅಲೆಗಳ ಪಾಠ ನಡೆಯುತ್ತಿದ್ದಾಗ ಒಬ್ಬಳು ಎದ್ದು ನಿಂತಳು. "ಸಾರ್, ಬಟ್ಟಪ್ಪಾಡಿಯ ನಮ್ಮ ಅಜ್ಜಿಮನೆಯ ನಾಲ್ಕು ತೆಂಗಿನ ಮರ ಕಡಲಿಗೆ ಹೋಯಿತು. ಆ ಮಣ್ಣು ಈಗ ಎಲ್ಲಿದೆ?"

ಪುಸ್ತಕದಲ್ಲಿ ಉತ್ತರವಿರಲಿಲ್ಲ. ಡಿಸೆಂಬರಿನ ಒಂದು ಶನಿವಾರ ನಾವೆಲ್ಲ ಕಣ್ವತೀರ್ಥದ ಕಡಲ ಕರೆಗೆ ಹೋದೆವು. ಒಂದು ತೆಂಗಿನ ಸಿಪ್ಪೆಯನ್ನು ನೀರಿಗೆಸೆದೆವು. ಅದು ನೇರ ಹಿಂದೆ ಬರಲಿಲ್ಲ, ದಡದುದ್ದಕ್ಕೂ ಬದಿಗೆ ಸರಿಯಿತು. ಅಲೆ ಓರೆಯಾಗಿ ಬಂದು ಬಡಿಯುವುದರಿಂದ ಮರಳೂ ಹೀಗೇ ಪಯಣಿಸುತ್ತದೆ ಎಂದೆವು.

ಮಳೆಗಾಲದ ದೊಡ್ಡ ಅಲೆಗಳು ಮರಳನ್ನು ಸೆಳೆದು ನೀರಿನಡಿ ದಿಬ್ಬ ಮಾಡುತ್ತವೆ. ಭರತವೂ ಸೇರಿದರೆ ಅಲೆ ಇನ್ನೂ ಮೇಲಕ್ಕೇರುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲನೆ ದಡಕ್ಕೆ ತರುತ್ತವೆ. ಆದರೆ ಅಳಿವೆ ಬಾಗಿಲಲ್ಲಿ ಕಲ್ಲಿನ ತಡೆಗೋಡೆ ಕಟ್ಟಿದರೆ ಒಂದು ಬದಿ ಮರಳು ತುಂಬುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ಹೊಳೆಯಿಂದ ಮರಳು ತೆಗೆದರೂ ಕಡಲಿಗೆ ಬರುವ ಪಾಲು ಕಡಿಮೆಯೇ.

"ಹಾಗಾದರೆ ಅಜ್ಜಿಯ ಮಣ್ಣು ಬೇರೆ ಯಾರ ಕಡಲ ಕರೆಯಲ್ಲೋ ಇರಬಹುದು," ಎಂದಳು ಆಕೆ. ಹೌದು ಮಗಾ, ಮರಳು ಕೆಲವೊಮ್ಮೆ ಮರಳಿ ಬರುತ್ತದೆ, ಮರಗಳು ಬರುವುದಿಲ್ಲ ಎಂದೆವು. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ನಿಮ್ಮ ಶಾಲೆಯ ಮಕ್ಕಳನ್ನೂ ಒಮ್ಮೆ ಕಡಲಿಗೆ ಕರೆದೊಯ್ಯಿರಿ.