ಗುಂಡಿನ ಲೆಕ್ಕ

ಮೊದಲೇ ಹೇಳಿಬಿಡ್ತೀವಿ, ಇದು ಆ 'ಗುಂಡು' ಅಲ್ಲ. ಫೆಸ್ಟ್ ಮುಗಿದ ರಾತ್ರಿ ಸೀನಿಯರ್‌ಗಳು ಹಾಕೋ ಗುಂಡಿನ ಬಗ್ಗೆ ಬರೆದರೆ ಈ ಲೇಖನ ಮ್ಯಾಗಜೀನಿಗೇ ಬರಲ್ಲ. ಇದು ಪಿಸ್ತೂಲಿನ ಗುಂಡು, ಅದೂ ಟೆಕ್ಸಾಸ್‌ನದು. ನಮ್ಮ ಮೂವರಲ್ಲಿ ಒಬ್ಬನ ಚಿಕ್ಕಪ್ಪ ಅಲ್ಲಿದ್ದಾರೆ. ವಾರದ ಕೊನೆಗೆ ಶೂಟಿಂಗ್ ರೇಂಜಿಗೆ ಹೋಗೋದು ಅವರ ಹವ್ಯಾಸ. ಹಾರಿಸಿ ಉಳಿದ ಹಿತ್ತಾಳೆ ಕೇಸ್‌ಗಳನ್ನ ಬಾಚಿಕೊಂಡು ಬಂದು, ಗ್ಯಾರೇಜಿನಲ್ಲಿ ಕೂತು ಅದನ್ನೇ ಮತ್ತೆ ಗುಂಡು ಮಾಡ್ತಾರೆ. "ದುಡ್ಡು ಉಳಿಯುತ್ತೆ ಕಣ್ರೋ" ಅನ್ನೋದು ಅವರ ವಾದ. "ಎಲ್ಲಿ ಉಳಿದಿದೆ ತೋರ್ಸಿ" ಅನ್ನೋದು ಚಿಕ್ಕಮ್ಮನ ವಾದ. ನಾವು ಮೆಕ್ಯಾನಿಕಲ್‌ನವರು, ಬ್ರೇಕ್ ಈವನ್ ಪಾಯಿಂಟ್ ಈಗಷ್ಟೇ ಓದಿದ್ವಿ. ಲೆಕ್ಕ ನಮ್ಮ ತಲೆಗೆ ಬಂತು.

ಒಂದು ಗುಂಡಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸ್, ಹಿಂದೆ ಕಿಡಿ ಕೊಡೋ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಬುಲೆಟ್. ಹಾರಿದ ಮೇಲೂ ಕೈಲಿ ಉಳಿಯೋದು ಕೇಸ್ ಮಾತ್ರ. ಪಿಸ್ತೂಲಿನ ಕೇಸ್ ಹತ್ತಾರು ಸಲ ಬಳಸಬಹುದಂತೆ. ಚಿಕ್ಕಪ್ಪ ಕೊಟ್ಟ ಬೆಲೆಗಳ ಪ್ರಕಾರ 9 ಎಂಎಂ ಗುಂಡಿಗೆ ಬುಲೆಟ್ 9 ಸೆಂಟ್, ಪ್ರೈಮರ್ 7, ಮದ್ದು 3. ಒಟ್ಟು 19. ಅಂಗಡಿಯಲ್ಲಿ ಅದೇ ಗುಂಡು ಸಾವಿರದ ಪೆಟ್ಟಿಗೆ ತಗೊಂಡ್ರೆ 24 ಸೆಂಟ್. ಉಳಿಯೋದು 5 ಸೆಂಟ್! ಅವರ ಮೊದಲ ಪ್ರೆಸ್, ಡೈ, ತಕ್ಕಡಿ ಎಲ್ಲ ಸೇರಿ 300 ಡಾಲರ್. ಅಂದ್ರೆ 6,000 ಗುಂಡು ಮಾಡಿದ ಮೇಲೆ ಹಾಕಿದ ದುಡ್ಡು ವಾಪಸ್.

ಇಲ್ಲಿಗೇ ಬಿಟ್ಟಿದ್ರೆ ಚಿಕ್ಕಪ್ಪ ಖುಷಿಯಾಗಿರ್ತಿದ್ರು. ನಾವು ಟೈಮ್ ಕೇಳಿದ್ವಿ. ಅದು ಸಿಂಗಲ್ ಸ್ಟೇಜ್ ಪ್ರೆಸ್, ಹಿಡಿ ಎಳೆದಾಗಲೆಲ್ಲ ಒಂದೇ ಕೆಲಸ ಆಗುತ್ತೆ. ಎಲ್ಲ ಹಂತ ಮುಗಿಸಿ ಗಂಟೆಗೆ 60 ಗುಂಡು. 60 ಇಂಟು 5 ಸೆಂಟ್, ಗಂಟೆಗೆ 3 ಡಾಲರ್ ಸಂಪಾದನೆ. ಅಮೆರಿಕದ ಫೆಡರಲ್ ಕನಿಷ್ಠ ವೇತನ 7.25 ಡಾಲರ್. ಫೋನಲ್ಲಿ ಹಿಂದಿನಿಂದ ಚಿಕ್ಕಮ್ಮನ ನಗು ಕೇಳಿಸ್ತು.

ಆದ್ರೆ ಅವರ ಹತ್ರ .44 ಮ್ಯಾಗ್ನಂ ರಿವಾಲ್ವರ್ ಕೂಡ ಇದೆ. ಅದರ ಗುಂಡು ಅಂಗಡಿಯಲ್ಲಿ 85 ಸೆಂಟ್, ಮನೇಲಿ 35. ಉಳಿತಾಯ 50 ಸೆಂಟ್. ಅದೇ ಪ್ರೆಸ್, ಅದೇ ಮನುಷ್ಯ, ಆದ್ರೆ 600 ಗುಂಡಿಗೇ, ಅಂದ್ರೆ ಹತ್ತು ಗಂಟೆ ಕೆಲಸಕ್ಕೇ ಬ್ರೇಕ್ ಈವನ್. ಯಾಕೆ ಅಂತ ಯೋಚಿಸಿದ್ರೆ ಸಿಂಪಲ್. 9 ಎಂಎಂ ಎಲ್ಲರಿಗೂ ಬೇಕು, ಫ್ಯಾಕ್ಟರಿಗಳು ರಾಶಿ ರಾಶಿ ಮಾಡುತ್ವೆ, ಬೆಲೆ ಆಗಲೇ ತಳ ಮುಟ್ಟಿದೆ. ಅದರ ಜೊತೆ ಗ್ಯಾರೇಜಿನಲ್ಲಿ ಕೂತು ಸ್ಪರ್ಧೆ ಮಾಡೋಕಾಗಲ್ಲ. .44 ಅಷ್ಟು ಓಡಲ್ಲ, ಅದಕ್ಕೇ ದುಬಾರಿ.

ಬೆಲೆಗಳೂ ನಿಂತ ಜಾಗದಲ್ಲಿ ನಿಲ್ಲಲ್ಲ. 2020ರಲ್ಲಿ ಕೊರೊನಾ ಟೈಮಲ್ಲಿ ಗುಂಡೂ ಪ್ರೈಮರೂ ಎರಡೂ ಅಂಗಡಿಯಿಂದ ಮಾಯ. ಮೊದಲೇ ಪ್ರೈಮರ್ ಕೂಡಿಟ್ಟವರು ಮಾತ್ರ ರೇಂಜಿಗೆ ಹೋದ್ರು. ಇನ್ನೊಂದು ಖರ್ಚಿಗೆ ನಮ್ಮ ಶೀಟಲ್ಲಿ ಕಾಲಮ್ಮೇ ಇಲ್ಲ. ಪಿಸ್ತೂಲಿನ ಕೇಸಿಗೆ ಬೇಕಾದ ಮದ್ದು ಬಹಳ ಕಮ್ಮಿ. ಮೈಮರೆತು ಎರಡು ಸಲ ಸುರಿದ್ರೂ ಎಷ್ಟೋ ಸಲ ಒಳಗೆ ಹಿಡಿಸಿಬಿಡುತ್ತೆ, ಹಾರಿಸಿದಾಗ ಪಿಸ್ತೂಲೇ ಒಡೆಯಬಹುದು. ಆ ಹೊತ್ತಲ್ಲಿ ಚಿಕ್ಕಪ್ಪ ಟಿವಿ ಹಾಕಲ್ಲ, ಫೋನ್ ಎತ್ತಲ್ಲ. ಕ್ವಾಲಿಟಿ ಕಂಟ್ರೋಲ್ ಕ್ಲಾಸಲ್ಲಿ ಸಾವಿರಕ್ಕೆ ಒಂದು ಡಿಫೆಕ್ಟ್ ಅಂದ್ರೆ ನಾವು ಪರವಾಗಿಲ್ಲ ಅಂತೀವಿ. ಇಲ್ಲಿ ಆ ಒಂದು, ಮುಖದಿಂದ ಎರಡಡಿ ದೂರದಲ್ಲಿರುತ್ತೆ.

ಚಿಕ್ಕಮ್ಮನ ಪ್ರಶ್ನೆ ಹಾಗೇ ಉಳೀತು: ದುಡ್ಡು ಎಲ್ಲಿ? ಉತ್ತರ ಚಿಕ್ಕಪ್ಪನೇ ಕೊಟ್ರು. ಮೊದಲು ತಿಂಗಳಿಗೆ 100 ಗುಂಡು ಹಾರಿಸ್ತಿದ್ದವರು ಈಗ 250 ಹಾರಿಸ್ತಾರೆ. ಜೆವೊನ್ಸ್ ಅನ್ನೋ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಇದನ್ನ ಬರೆದಿದ್ದ. ಉಗಿ ಯಂತ್ರ ಕಮ್ಮಿ ಕಲ್ಲಿದ್ದಲಲ್ಲಿ ಓಡೋಕೆ ಶುರುವಾದ ಮೇಲೆ ದೇಶದ ಕಲ್ಲಿದ್ದಲು ಖರ್ಚು ಇಳೀಲಿಲ್ಲ, ಏರ್ತು. ಚಿಕ್ಕಮ್ಮ ಜೆವೊನ್ಸ್‌ನ ಓದಿಲ್ಲ, ಕ್ರೆಡಿಟ್ ಕಾರ್ಡ್ ಬಿಲ್ ಓದ್ತಾರೆ.

ಇಷ್ಟೆಲ್ಲ ನಮಗ್ಯಾಕೆ ಅಂದ್ರೆ, ಈ ಸೆಮ್‌ನಲ್ಲಿ ನಮ್ಮದೂ ಒಂದು ಲೆಕ್ಕ ಇತ್ತು. ನಮ್ಮಲ್ಲೊಬ್ಬನ ಮನೆ ಮಲೆನಾಡಲ್ಲಿ, ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಅಡಿಕೆ ಅರ್ಧಕ್ಕರ್ಧ ಹೋಗಿದೆ. ಮನೆಯಿಂದ ದುಡ್ಡು ಕೇಳೋಕೆ ಅವನಿಗೆ ಬಾಯಿ ಬರಲ್ಲ. ಮೆಸ್ ಬಿಡ್ತೀನಿ, ರೂಮ್ ಮಾಡಿ ಅಡುಗೆ ಮಾಡ್ಕೋತೀನಿ ಅಂತ ಹಟ ಹಿಡಿದಿದ್ದ. ಅವನಿಗೆ ಮ್ಯಾಥ್ಸ್ ಬ್ಯಾಕ್ ಬೇರೆ ಇದೆ. ದಿನಕ್ಕೆ ಎರಡು ಗಂಟೆ ಒಲೆ ಮುಂದೆ ಹೋದ್ರೆ ಆ ಪೇಪರ್ ಯಾವಾಗ ಕ್ಲಿಯರ್ ಆಗ್ಬೇಕು? ಮೂವರೂ ಕೂತು ಅದೇ ಶೀಟಲ್ಲಿ ಗುಂಡು ಅಳಿಸಿ ಊಟ ಬರೆದ್ವಿ. ಮೆಸ್ಸಿನ ಅನ್ನ ಸಾರು 9 ಎಂಎಂ. ಮುನ್ನೂರು ಜನಕ್ಕೆ ಒಟ್ಟಿಗೆ ಬೇಯಿಸೋ ಅಡುಗೆಯ ರೇಟಿಗೆ ನಾವು ಬೇಯಿಸೋಕಾಗಲ್ಲ. (ರುಚಿಯ ವಿಷಯ ಬೇರೆ, ಅದನ್ನ ಇನ್ನೊಂದು ಸಂಚಿಕೆಗೆ ಇಟ್ಕೊಂಡಿದೀವಿ.) ಸಂಜೆ ಗೇಟಿನಾಚೆ ಕುಡಿಯೋ ಕಾಫಿ, ರಾತ್ರಿ ಹನ್ನೊಂದಕ್ಕೆ ತರಿಸೋ ಎಗ್ ರೈಸ್, ಅದು .44.

ಮೆಸ್ ಬಿಟ್ಟಿಲ್ಲ, ಎಗ್ ರೈಸ್ ಬಿಟ್ವಿ. ಮೂವರೂ ಸೇರಿ 640 ರೂಪಾಯಿಗೆ ಒಂದು ಕೆಟಲ್ ತಗೊಂಡ್ವಿ. ಹೊರಗೆ ಕಾಫಿ 15, ರೂಮಲ್ಲಿ 7, ಕಪ್ಪಿಗೆ 8 ರೂಪಾಯಿ ಉಳಿತಾಯ. 80 ಕಪ್ಪಿಗೆ ಬ್ರೇಕ್ ಈವನ್. ದಿನಕ್ಕೆ ತಲಾ ಎರಡು ಕಪ್ ಅಂತ ಎರಡು ವಾರ ಹಿಡಿಯುತ್ತೆ ಅಂದ್ಕೊಂಡಿದ್ವಿ. ಒಂಬತ್ತೇ ದಿನಕ್ಕೆ 80 ದಾಟ್ತು, ಈಗ ಒಬ್ಬೊಬ್ಬರೂ ಮೂರು ಕುಡೀತಿದೀವಿ.