ನೀರುನಾಯಿಯ ಪಾಲು

ಹಂಪಿಗೆ ಹೋದವರು ಕಲ್ಲು ನೋಡಿಕೊಂಡು ಬರುತ್ತಾರೆ. ನಾನೂ ನಾಲ್ಕಾರು ಸಲ ಹಾಗೆಯೇ ಬಂದವನು. ಈ ಸಲ ಹೊಳೆ ನೋಡೋಣವೆಂದು ಹೋದೆ. ಹೊಸಪೇಟೆಯಲ್ಲಿ ಒಗ್ಗರಣೆ-ಮಿರ್ಚಿ ತಿಂದು, ಬಿಸಿಲೇರುವ ಮುಂಚೆ ಚಕ್ರತೀರ್ಥದಲ್ಲಿ ಹರಿಗೋಲು ಹತ್ತಿದೆ.

1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು. ಈಗ ಚರ್ಮದ ಜಾಗದಲ್ಲಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವುದು ಮಾತ್ರ ಬದಲಾಗಿಲ್ಲ.

ಹುಟ್ಟು ಹಾಕುತ್ತಿದ್ದ ಹಿರಿಯರು ಒಂದು ಬಂಡೆಯ ಕಡೆ ಕೈ ತೋರಿಸಿದರು. ಅದರ ಮೇಲೆ ಮೀನಿನ ಹುರುಪೆ ತುಂಬಿದ ಲದ್ದಿ. "ಸುಮ್ಕ ಕುಂದ್ರಿ ಸರ, ಮಾತಾಡಬ್ಯಾಡ್ರಿ" ಎಂದರು. ಸ್ವಲ್ಪ ಹೊತ್ತಿಗೆ ನೀರಿನಿಂದ ಒಂದು ನುಣ್ಣನೆಯ ತಲೆ ಎದ್ದಿತು, ಆಮೇಲೆ ಇನ್ನೆರಡು. ಒಂದು ನೀರುನಾಯಿ ಬಂಡೆ ಹತ್ತಿ, ಎರಡೂ ಮುಂಗಾಲಲ್ಲಿ ಮೀನು ಹಿಡಿದುಕೊಂಡು, ಮಕ್ಕಳು ಜೋಳದ ತೆನೆ ತಿನ್ನುವ ಹಾಗೆ ತಲೆಯಿಂದ ಕಡಿಯತೊಡಗಿತು. ಕರ್ ಕರ್ ಸದ್ದು ನಮಗೆ ಕೇಳುತ್ತಿತ್ತು.

ನಾನು ಹಿಗ್ಗಿದ್ದು ನೋಡಿ ಅವರು ನಕ್ಕರು. "ನಿಮಗ ಚಂದ ಕಾಣ್ತೈತ್ರಿ. ರಾತ್ರಿ ಬಲಿ ಬಿಟ್ಟವನ್ನ ಕೇಳ್ರಿ. ಮೀನು ತಿಂದ್ರ ತಿನ್ಲಿ, ಬಲಿ ಯಾಕ ಹರಿಬೇಕು? ಕರಡಿ ಹೊಲ ತುಳದ್ರ ಅರ್ಜಿ ಕೊಡಬೋದು. ಇದಕ್ಕ ಯಾರನ್ನ ಕೇಳೂದು?"

ಕರಡಿಯ ಮಾತು ಸುಮ್ಮನೆ ಬಂದದ್ದಲ್ಲ. ಸಂಡೂರಿನ ಕಡೆಗೆ ದರೋಜಿ ಕರಡಿಧಾಮವಿದೆ, 1994ರಿಂದ. ಅಲ್ಲಿ ಬಂಡೆಗೆ ಬೆಲ್ಲ ಸವರುತ್ತಾರೆ, ಸಂಜೆ ಕರಡಿ ಬರುತ್ತದೆ, ನಾವು ಗೋಪುರದಲ್ಲಿ ನಿಂತು ನೋಡುತ್ತೇವೆ. ನೋಡುವವರಿಗೂ ಕರಡಿಗೂ ನಡುವೆ ದೂರವಿದೆ. ಹೊಳೆಯಲ್ಲಿ ಆ ದೂರವಿಲ್ಲ. 2015ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ದೇಶದಲ್ಲೇ ಅಂಥದು ಮೊದಲನೆಯದು. ಆದರೆ ನೀರುನಾಯಿ ಬದುಕುವ ಮಡುಗಳಲ್ಲೇ ಬೆಸ್ತರ ಊಟವೂ ಇದೆ. ಮದ್ದು ಸಿಡಿಸಿ ಮೀನು ಹಿಡಿಯುವವರು ಮಡುವಿನಲ್ಲಿರುವುದನ್ನೆಲ್ಲ, ಮರಿಮೀನೂ ಸೇರಿ, ಒಂದೇ ಏಟಿಗೆ ಕೊಂದುಬಿಡುತ್ತಾರೆ. ಬಲೆಯವರಿಗೂ ನೀರುನಾಯಿಗೂ ನಷ್ಟ ಮಾಡುವವರು ಅವರೇ. ಹಾಗಿದ್ದೂ ಹರಿದ ಬಲೆ ಹಿಡಿದು ನಿಂತವನಿಗೆ ಕಾಣುವುದು ನೀರುನಾಯಿ ಮಾತ್ರ. ಅವನಿಗೆ ಸಂರಕ್ಷಣೆಯ ಪಾಠ ಹೇಳುವ ಮೊದಲು ಒಂದು ಬಲೆ ಕೊಡಿಸುವುದು ಮೇಲು ಎಂದು ನನಗನ್ನಿಸಿತು.

"ಹಂಗಾರ ಅದನ್ನ ಓಡಿಸಬೇಕೇನ್ರಿ?" ಎಂದು ಕೇಳಿದೆ.

"ಛೆ, ಎಲ್ಲಿಗೆ ಓಡಸ್ತೀರಿ? ಮೀನ ಇದ್ದಲ್ಲೇ ಅದು ಇರೂದು. ಅದು ಕಂಡಲ್ಲೇ ನಾವೂ ಬಲಿ ಬಿಡೂದು" ಎಂದವರೇ ಹರಿಗೋಲು ತಿರುಗಿಸಿದರು.

ಸಂಜೆ ಕಂಪ್ಲಿ ಸೇತುವೆಯ ತನಕ ಹೋದೆ. ಮೀಸಲು ಮುಗಿಯುವುದು ಅಲ್ಲಿ. ಕೆಳಗೆ ದಡದಲ್ಲಿ ಒಬ್ಬ ಹುಡುಗ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ.

"ನೀರುನಾಯೇನಪ್ಪ?" ಎಂದೆ.

"ಇಲ್ರಿ ಅಣ್ಣ," ಎಂದ ತಲೆ ಎತ್ತದೆ, "ಕಲ್ಲಿಗೆ ಸಿಕ್ಕಿತ್ತು."